ಬ್ಯಾಕ್ಟೀರಿಯಾದ ಕಣಜದಲ್ಲಿ ಪಾಲಿಯೆಸ್ಟರ್

ಅಲಸಂಡೆ ಬೀಜಕ್ಕೆ ರೈಝೋಬಿಯಂ ಹಚ್ಚಿ ಬಿತ್ತುವವರು ಬೀಜದ ಜತೆಗೆ ಒಂದಿಷ್ಟು ಪಾಲಿಯೆಸ್ಟರನ್ನೂ ಮಣ್ಣಿಗೆ ಹಾಕುತ್ತಾರೆ. ಗಾಬರಿ ಬೇಡ. ಇದು ಅಂಗಿಬಟ್ಟೆಯ ಪಾಲಿಯೆಸ್ಟರ್ ಅಲ್ಲ. ಆ ಬ್ಯಾಕ್ಟೀರಿಯಾವೇ ತನ್ನ ಒಡಲೊಳಗೆ ತಯಾರಿಸಿ ಇಟ್ಟುಕೊಂಡದ್ದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶದೊಳಗೆ ಹೊಳೆಯುವ ಕಾಳುಗಳ ಹಾಗೆ ಕಾಣುತ್ತದೆ. ಅದನ್ನೇ ಹೊರತೆಗೆದು ಶುದ್ಧ ಮಾಡಿ ಬಿಸಿಗೆ ಕರಗಿಸಿದರೆ ಬಾಟಲಿ ಎರೆಯಬಹುದು, ತೆಳ್ಳಗೆ ಹಾಳೆ ಎಳೆಯಬಹುದು. ಮಣ್ಣಿಗೆ ಬಿದ್ದರೆ ಮಣ್ಣಿನ ಜೀವಿಗಳೇ ತಿಂದು ಮುಗಿಸುತ್ತವೆ.

'ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್' ಎಂಬ ಮಾತು ಈಗ ಎಲ್ಲೆಲ್ಲೂ ಕೇಳುತ್ತದೆ. ನರ್ಸರಿ ತೊಟ್ಟೆ, ಹೊದಿಕೆ ಹಾಳೆ, ಸಂತೆ ಚೀಲ, ಎಲ್ಲದಕ್ಕೂ ಇದೇ ಹೆಸರು ಅಂಟಿಸಿ ಮಾರುತ್ತಾರೆ. ಕೆಲವು ನಿಜ, ಹಲವು ಅರ್ಧ ನಿಜ, ಇನ್ನು ಕೆಲವು ಶುದ್ಧ ಬುರುಡೆ. ಯಾವುದು ಯಾವುದೆಂದು ಗೊತ್ತಾಗಬೇಕಾದರೆ ಅಸಲು ಸರಕು ಹೇಗೆ ತಯಾರಾಗುತ್ತದೆ ಎಂದು ಸ್ವಲ್ಪ ತಿಳಿದಿರಬೇಕು. ಅದಕ್ಕೇ ಈ ಬರಹ. ನಾನು ರಸಾಯನಶಾಸ್ತ್ರ ಕಲಿತವನಲ್ಲ, ಕೃಷಿಕ. ಓದಿ, ತಿಳಿದವರನ್ನು ಕೇಳಿ ನನಗೆ ಅರ್ಥವಾದಷ್ಟನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಮಧ್ಯೆ ನಾಲ್ಕಾರು ಕಠಿಣ ಹೆಸರುಗಳು ಬರುತ್ತವೆ. ಹೆಸರು ಮರೆತರೂ ತೊಂದರೆಯಿಲ್ಲ, ಕೆಲಸ ನೆನಪಿಟ್ಟುಕೊಳ್ಳಿ.

ಪಾಲಿಯೆಸ್ಟರ್ ಅಂದರೆ ಎಂತದು?

ಒಂದು ಆಮ್ಲ, ಒಂದು ಆಲ್ಕೋಹಾಲು. ಇವೆರಡು ಕೈಹಿಡಿದರೆ ಅದಕ್ಕೆ ಎಸ್ಟರ್ ಎನ್ನುತ್ತಾರೆ. ಬಾಳೆಹಣ್ಣಿನ ಘಮ, ಹಲಸಿನಹಣ್ಣಿನ ಘಮ ಹೆಚ್ಚಾಗಿ ಎಸ್ಟರುಗಳದ್ದೇ. ನಮ್ಮ ತೆಂಗಿನೆಣ್ಣೆ, ತುಪ್ಪ ಕೂಡ ಎಸ್ಟರ್. ಹೀಗೆ ಕೈಹಿಡಿದ ಜೋಡಿಗಳು ಸಾವಿರಾರು ಸಂಖ್ಯೆಯಲ್ಲಿ ಸಾಲಾಗಿ ನಿಂತರೆ ಪಾಲಿಯೆಸ್ಟರ್.

ಅಂಗಿಯ ಪಾಲಿಯೆಸ್ಟರನ್ನೂ ನೀರಿನ ಬಾಟಲಿಯನ್ನೂ ಮಾಡುವುದು ಪೆಟ್ರೋಲಿಯಂ ಮೂಲದ ವಸ್ತುಗಳಿಂದ. ಸುಮಾರು 280 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಒಳಗಿನ ಗಾಳಿ ಎಳೆದು ನಿರ್ವಾತ ಮಾಡಬೇಕು. ಕೆಲಸ ಚುರುಕಾಗಲು ಆಂಟಿಮನಿ ಎಂಬ ಲೋಹದ ಸಂಯುಕ್ತ ಹಾಕಬೇಕು. ಬ್ಯಾಕ್ಟೀರಿಯಾ ಇದೇ ಜಾತಿಯ ಕೆಲಸವನ್ನು 30 ಡಿಗ್ರಿಯಲ್ಲಿ, ಅಂದರೆ ನಮ್ಮ ಊರಿನ ಸಾದಾ ಹಗಲಿನ ಬಿಸಿಗೆ, ನೀರಿನೊಳಗೇ ಮಾಡಿ ಮುಗಿಸುತ್ತದೆ. ಎಲ್ಲ ಕಿಣ್ವಗಳ ಮಹಿಮೆ. ಕಿಣ್ವ ಅಂದರೆ ಒಂದು ಪ್ರೊಟೀನು. ತಾನು ಖರ್ಚಾಗದೆ ಇನ್ನೊಂದರ ಕೆಲಸ ಮಾಡಿಸಿಕೊಡುವ ಮೇಸ್ತ್ರಿ ಎನ್ನಿ.

ಬ್ಯಾಕ್ಟೀರಿಯಾ ಮಾಡುವ ಈ ಸರಕಿನ ಹೆಸರು ಪಾಲಿಹೈಡ್ರಾಕ್ಸಿಬ್ಯುಟಿರೇಟ್. ಬಾಯಿ ನೋಯುತ್ತದೆ, ಪಿಎಚ್‌ಬಿ ಅನ್ನೋಣ. ಇದೇ ಕುಟುಂಬದಲ್ಲಿ ಇನ್ನೂ ಹಲವು ಬಗೆಗಳಿವೆ, ಇಡೀ ಕುಟುಂಬಕ್ಕೆ ಪಿಎಚ್‌ಎ ಎಂದು ಹೆಸರು.

ಹಸಿವೆಯ ಮಧ್ಯೆ ಉಳಿತಾಯ

ಬ್ಯಾಕ್ಟೀರಿಯಾಕ್ಕೆ ಪ್ಲಾಸ್ಟಿಕ್ ಯಾಕೆ? ನಮಗೆ ಕಣಜ ಯಾಕೋ ಅದಕ್ಕೇ.

ಕಾಂಪೋಸ್ಟ್ ಮಾಡುವ ಎಲ್ಲರಿಗೂ ಇಂಗಾಲ - ಸಾರಜನಕದ ಲೆಕ್ಕ ಗೊತ್ತು. ಬರೇ ಒಣಹುಲ್ಲು ರಾಶಿ ಹಾಕಿದರೆ ಕೊಳೆಯುವುದಿಲ್ಲ, ಸೆಗಣಿಯೋ ಹಸಿಸೊಪ್ಪೋ ಬೇಕು. ಸೂಕ್ಷ್ಮಜೀವಿ ಮೈ ಬೆಳೆಸಿ ಎರಡಾಗಬೇಕಾದರೆ ಪ್ರೊಟೀನು ಬೇಕು, ಪ್ರೊಟೀನಿಗೆ ಸಾರಜನಕ ಬೇಕು. ಈಗ ಒಂದು ಬ್ಯಾಕ್ಟೀರಿಯಾದ ಸುತ್ತ ಸಕ್ಕರೆ ಧಾರಾಳ ಇದೆ, ಸಾರಜನಕ ಮುಗಿದಿದೆ ಎಂದುಕೊಳ್ಳಿ. ಬೆಳೆಯುವ ಹಾಗಿಲ್ಲ. ಸಕ್ಕರೆ ಬಿಟ್ಟು ಹೋಗಲೂ ಮನಸ್ಸಿಲ್ಲ, ನಾಳೆ ಸಿಗುತ್ತದೋ ಇಲ್ಲವೋ. ಹಾಗೆಂದು ಸಕ್ಕರೆಯನ್ನು ಸಕ್ಕರೆಯಾಗಿಯೇ ಒಳಗೆ ತುಂಬಿಟ್ಟರೆ ಅದು ನೀರನ್ನು ಎಳೆದು ಮೈ ಉಬ್ಬುತ್ತದೆ. ಉಪ್ಪಿನಕಾಯಿ ಭರಣಿಯ ಲೆಕ್ಕ ತಿರುವುಮುರುವಾದ ಹಾಗೆ. ಗೆಣಸು, ಕೆಸು, ಮರಗೆಣಸು ಇದಕ್ಕೆ ಹುಡುಕಿದ ಉಪಾಯ ಪಿಷ್ಟ. ಸಕ್ಕರೆಯನ್ನು ಪೋಣಿಸಿ ನೀರಿಗೆ ಕರಗದ ಕಾಳು ಮಾಡಿ ಗೆಡ್ಡೆಯಲ್ಲಿ ಇಡುವುದು. ಎಷ್ಟೋ ಬ್ಯಾಕ್ಟೀರಿಯಾಗಳು ಹುಡುಕಿದ ಉಪಾಯ ಪಿಎಚ್‌ಬಿ. ಅದೂ ನೀರಿಗೆ ಕರಗದು, ನೀರನ್ನು ಎಳೆಯದು, ಬೇಕಾದಾಗ ಬಿಡಿಸಿ ತಿನ್ನಬಹುದು.

ಇದನ್ನು ಮೊದಲು ಗುರುತಿಸಿದವರು ಫ್ರಾನ್ಸಿನ ಪಾಶ್ಚರ್ ಸಂಸ್ಥೆಯ ಮೋರಿಸ್ ಲೆಮ್ವಾನ್, 1926ರಲ್ಲಿ. ಅವರು ನೋಡಿದ್ದು ಬ್ಯಾಸಿಲಸ್ ಮೆಗಟೇರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ. ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ? ರಂಜಕ ಕರಗಿಸುವ ಜೈವಿಕ ಗೊಬ್ಬರದ ಪ್ಯಾಕೆಟಿನ ಮೇಲೆ ಹಲವು ಬಾರಿ ಇದೇ ಹೆಸರಿರುತ್ತದೆ. (2020ರಲ್ಲಿ ಶಾಸ್ತ್ರಜ್ಞರು ಇದನ್ನು ಪ್ರೀಸ್ಟಿಯಾ ಮೆಗಟೇರಿಯಂ ಎಂದು ಬದಲಿಸಿದ್ದಾರೆ. ಸರಕಾರಿ ಯೋಜನೆಗಳ ಹಾಗೆ ಇವಕ್ಕೂ ಆಗಾಗ ಹೊಸ ಹೆಸರು.) ಲೆಮ್ವಾನ್ ಅವರ ಕೆಲಸವನ್ನು ಬಹುಕಾಲ ಯಾರೂ ಗಮನಿಸಲಿಲ್ಲ. ಇದು ಉಳಿತಾಯದ ಆಹಾರ, ಸಾರಜನಕಕ್ಕೆ ಹೋಲಿಸಿದರೆ ಇಂಗಾಲ ಹೆಚ್ಚಾದಷ್ಟೂ ಇದರ ಸಂಗ್ರಹ ಹೆಚ್ಚುತ್ತದೆ ಎಂದು ತೋರಿಸಿದ್ದು 1958ರಲ್ಲಿ ಮೆಕ್ರೇ ಮತ್ತು ವಿಲ್ಕಿನ್ಸನ್ ಎಂಬಿಬ್ಬರು.

ನಮ್ಮ ತೋಟದಲ್ಲಿ ಈ ಕಸುಬು ಗೊತ್ತಿರುವವರು ಸಾಕಷ್ಟು ಮಂದಿ ಇದ್ದಾರೆ. ಅಜಟೋಬ್ಯಾಕ್ಟರ್ ಮಾಡುತ್ತದೆ, ಅಜೋಸ್ಪಿರಿಲಂ ಮಾಡುತ್ತದೆ. ಸೋಯಾ ಬೇರಿನ ಗಂಟಿನೊಳಗಿನ ಬ್ಯಾಕ್ಟೀರಿಯಾದಲ್ಲಿ ಒಣತೂಕದ ಅರ್ಧದಷ್ಟು ಪಿಎಚ್‌ಬಿಯೇ ಇರುವುದುಂಟು. ಗಿಡ ಕೊಟ್ಟ ಇಂಗಾಲವನ್ನೆಲ್ಲ ಸಾರಜನಕ ಹಿಡಿಯುವುದಕ್ಕೇ ಖರ್ಚು ಮಾಡದೆ ಒಂದು ಪಾಲನ್ನು ತನ್ನ ಕಿಸೆಗೆ ಹಾಕಿಕೊಳ್ಳುತ್ತದೆ ಎಂದಾಯಿತು. ನಾಳೆ ಗಂಟು ಕೊಳೆತು ಮಣ್ಣಿಗೆ ಬಿದ್ದಾಗ ಬದುಕಬೇಡವೇ? ಅಜೋಸ್ಪಿರಿಲಂ ಮೇಲೆ ನಡೆದ ಅಧ್ಯಯನಗಳಲ್ಲಿ ಪಿಎಚ್‌ಬಿ ತುಂಬಿಕೊಂಡ ಕೋಶಗಳು ಒಣಗುವಿಕೆ, ಬಿಸಿಲು ತಡೆದು ಹೆಚ್ಚು ಉಳಿಯುವುದು ಕಂಡಿದೆ. ಜೈವಿಕ ಗೊಬ್ಬರದ ಪ್ಯಾಕೆಟ್ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತಿರುವಾಗ ಒಳಗಿನ ಜೀವ ಉಳಿಯುವುದಕ್ಕೆ ಈ ಬುತ್ತಿಯ ಪಾಲೂ ಇದೆ.

ಒಳ್ಳೆಯವರು ಮಾತ್ರ ಮಾಡುತ್ತಾರೆ ಎಂದು ತಿಳಿಯಬೇಡಿ. ಶುಂಠಿ, ಬದನೆ, ಟೊಮೆಟೊಗಳನ್ನು ಹಸಿರಿರುವಾಗಲೇ ಬಾಡಿಸಿ ಕೆಡಹುವ ದುಂಡಾಣು ಸೊರಗು ರೋಗದ ರಾಲ್‌ಸ್ಟೋನಿಯಾವೂ ಪಿಎಚ್‌ಬಿ ಕೂಡಿಡುವ ಜಾತಿಯೇ. ಲ್ಯಾಬಿನಲ್ಲಿ ಆ ರೋಗವನ್ನು ಗುರುತಿಸುವಾಗ ಒಳಗೆ ಈ ಕಾಳುಗಳಿವೆಯೇ ಎಂದು ಬಣ್ಣ ಹಾಕಿ ನೋಡುವ ಕ್ರಮವೂ ಇದೆ.

ಮೂವರು ಮೇಸ್ತ್ರಿಗಳು

ಈ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದಿರುವುದು ಕುಪ್ರಿಯಾವಿಡಸ್ ನೆಕೇಟರ್ ಎಂಬ ಬ್ಯಾಕ್ಟೀರಿಯಾ. ಜರ್ಮನಿಯ ಗಾಟಿಂಗೆನ್‌ನಲ್ಲಿ ಹ್ಯಾನ್ಸ್ ಶ್ಲೇಗೆಲ್ ಅವರ ಬಳಗ ದಶಕಗಳ ಕಾಲ ಇದರ ಬೆನ್ನು ಹಿಡಿಯಿತು. ಮೊದಲು ಇದರ ಹೆಸರು ಬೇರೆ ಇತ್ತು, ನಡುವೆ ಒಂದಷ್ಟು ವರ್ಷ ಇದನ್ನೂ ಆ ಸೊರಗು ರೋಗದವನ ಕುಲದಲ್ಲೇ, ರಾಲ್‌ಸ್ಟೋನಿಯಾ ಎಂದು ಸೇರಿಸಿದ್ದರು. ಸರಿಯಾಗಿ ಹೊಟ್ಟೆಗೆ ಹಾಕಿದರೆ ಇದರ ಒಣತೂಕದಲ್ಲಿ 80 ಶೇಕಡಕ್ಕೂ ಮಿಕ್ಕಿ ಪಿಎಚ್‌ಬಿಯೇ ಆಗಿಬಿಡುತ್ತದೆ. ನೂರು ಕಿಲೋ ಹಸುವಿನಲ್ಲಿ 80 ಕಿಲೋ ಬೆಣ್ಣೆ ಇದ್ದ ಹಾಗೆ!

ಕೆಲಸ ಆರಂಭವಾಗುವುದು ಸಕ್ಕರೆಯಿಂದ. ಸಕ್ಕರೆಯಲ್ಲಿ ಆರು ಇಂಗಾಲ. ಜೀವಕೋಶ ಅದನ್ನು ಮುರಿದು ಎರಡೆರಡು ಇಂಗಾಲದ ತುಂಡು ಮಾಡುತ್ತದೆ. ವಿನಿಗರಿನ ಹುಳಿ ಇದೆಯಲ್ಲ, ಹೆಚ್ಚುಕಡಿಮೆ ಅದೇ ತುಂಡು. ಇದು ಒಂಟಿಯಾಗಿ ತಿರುಗುವುದಿಲ್ಲ, ಕೋಎಂಜೈಮ್-ಎ ಎಂಬ ಹೊರೆಯಾಳಿನ ತಲೆಯ ಮೇಲೆ ಕುಳಿತಿರುತ್ತದೆ. ಈ ಹೊರೆಯಾಳು ಮುಖ್ಯ. ನೀರಿನೊಳಗೆ ಆಮ್ಲ ಮತ್ತು ಆಲ್ಕೋಹಾಲು ತಾವಾಗಿ ಕೈಹಿಡಿಯುವುದಿಲ್ಲ, ಹಿಡಿದದ್ದನ್ನೂ ನೀರು ಬಿಡಿಸಲು ನೋಡುತ್ತದೆ. ಹೊರೆಯಾಳು ಹೊರೆ ಇಳಿಸುವಾಗ ಒಂದು ತಳ್ಳು ಸಿಗುತ್ತದೆ. ಆ ತಳ್ಳಿನ ಬಲದಲ್ಲೇ ಜೋಡಣೆ ಆಗುವುದು. ಕಾರ್ಖಾನೆಯವರು 280 ಡಿಗ್ರಿ ಬಿಸಿಯಿಂದ ಪಡೆಯುವುದನ್ನು ಬ್ಯಾಕ್ಟೀರಿಯಾ ಈ ತಳ್ಳಿನಿಂದ ಪಡೆಯುತ್ತದೆ.

ಮೊದಲನೇ ಕಿಣ್ವ ಕೀಟೋಥಯೊಲೇಸ್. ಎರಡು ಹೊರೆಗಳನ್ನು ಸೇರಿಸಿ ನಾಲ್ಕು ಇಂಗಾಲದ ಒಂದು ಹೊರೆ ಮಾಡುತ್ತದೆ. ಒಬ್ಬ ಹೊರೆಯಾಳಿಗೆ ಬಿಡುಗಡೆ.

ಎರಡನೆಯದು ರಿಡಕ್ಟೇಸ್. ಈ ನಾಲ್ಕು ಇಂಗಾಲದ ತುಂಡಿಗೆ ಹೈಡ್ರೋಜನ್ ಸೇರಿಸಿ ಅದರ ಇನ್ನೊಂದು ತುದಿಯ ಬಳಿ ಆಲ್ಕೋಹಾಲಿನ ಕೈ ಮೂಡಿಸುತ್ತದೆ. ಈಗ ಒಂದೇ ತುಂಡಿನಲ್ಲಿ ಆಮ್ಲವೂ ಇದೆ, ಆಲ್ಕೋಹಾಲೂ ಇದೆ. ಒಂದು ಕಡೆ ಕೊಕ್ಕೆ, ಇನ್ನೊಂದು ಕಡೆ ಬಳೆ. ಸರಪಳಿಗೆ ಬೇಕಾದ ಕೊಂಡಿ ತಯಾರು. ಕೊಂಡಿಯನ್ನು ಎಡಗೈ ರೂಪದಲ್ಲೂ ಬಲಗೈ ರೂಪದಲ್ಲೂ ಮಾಡಬಹುದು, ನಮ್ಮ ಎರಡು ಕೈ ಒಂದೇ ಥರ ಕಂಡರೂ ಒಂದರ ಕೈಚೀಲ ಇನ್ನೊಂದಕ್ಕೆ ಸರಿಹೋಗದ ಹಾಗೆ. ಈ ಕಿಣ್ವ ಮಾಡುವುದು ಒಂದೇ ಕೈಯದ್ದನ್ನು. ಇದರ ಪ್ರಯೋಜನ ಮಣ್ಣಿನ ವಿಚಾರ ಬರುವಾಗ ಗೊತ್ತಾಗುತ್ತದೆ.

ಮೂರನೆಯವನೇ ಯಜಮಾನ: ಪಿಎಚ್‌ಎ ಸಿಂಥೇಸ್. ಕೊಂಡಿಗಳನ್ನು ಪೋಣಿಸುವವ. ಕುಪ್ರಿಯಾವಿಡಸ್‌ನ ಸಿಂಥೇಸ್‌ನಲ್ಲಿ 589 ಅಮೈನೊ ಆಮ್ಲಗಳಿವೆ. ಅದರಲ್ಲಿ 319ನೆಯದು ಸಿಸ್ಟೀನ್ ಎಂಬ ಗಂಧಕವಿರುವ ಅಮೈನೊ ಆಮ್ಲ. ಆ ಗಂಧಕದ ತುದಿಯೇ ಕೆಲಸ ಮಾಡುವ ಬೆರಳು. ಹೊರೆಯಾಳು ತಂದ ಕೊಂಡಿಯನ್ನು ಈ ಬೆರಳು ಹಿಡಿದುಕೊಳ್ಳುತ್ತದೆ, ಹೊರೆಯಾಳು ಖಾಲಿ ತಲೆಯಲ್ಲಿ ಹೊರಡುತ್ತಾನೆ, ಕೊಂಡಿ ಸರಪಳಿಗೆ ಸಿಕ್ಕಿಕೊಳ್ಳುತ್ತದೆ. ಮತ್ತೆ ಇನ್ನೊಂದು, ಮತ್ತೆ ಇನ್ನೊಂದು. ಹೀಗೆ ಸಾವಿರಾರು ಕೊಂಡಿಗಳು. ಈ ಕಿಣ್ವದ ಕೆಲಸದ ಭಾಗದ ಆಕಾರ ಪರಮಾಣು ಪರಮಾಣುವಾಗಿ ಕಣ್ಣಿಗೆ ಕಂಡದ್ದು ತೀರ ಇತ್ತೀಚೆಗೆ, 2016ರಲ್ಲಿ. ಜೀನುಗಳನ್ನಂತೂ 1988-89ರಲ್ಲೇ ಜರ್ಮನಿ ಮತ್ತು ಅಮೆರಿಕದ ಬಳಗಗಳು ಹೊರತೆಗೆದಿದ್ದವು. ಮೂರೂ ಜೀನುಗಳು ಒಂದರ ಪಕ್ಕ ಒಂದು, ಒಂದೇ ಸಾಲಿನಲ್ಲಿವೆ.

ಸರಪಳಿ ಉದ್ದವಾಗುತ್ತ ಬಂದ ಹಾಗೆ ಅದಕ್ಕೆ ನೀರೆಂದರೆ ಆಗದು. ಎಣ್ಣೆಯ ಹನಿಗಳು ಒಟ್ಟುಗೂಡುವಂತೆ ಸರಪಳಿಗಳೆಲ್ಲ ಸೇರಿ ಒಂದು ಕಾಳಾಗುತ್ತವೆ. ಸಿಂಥೇಸ್ ಕಾಳಿನ ಹೊರಮೈಯಲ್ಲಿ ಕುಳಿತು ಹೊರಗಿನಿಂದ ಬಂದ ಕೊಂಡಿಗಳನ್ನು ಒಳಗೆ ನೂಕುತ್ತಲೇ ಇರುತ್ತದೆ. ಕಾಳುಗಳು ಒಂದಕ್ಕೊಂದು ಅಂಟದಂತೆ ಫೇಸಿನ್ ಎಂಬ ಇನ್ನೊಂದು ಪ್ರೊಟೀನಿನ ಹೊದಿಕೆ ಇರುತ್ತದೆ. ಒಂದು ಮಾತು ಇಲ್ಲೇ ಹೇಳುತ್ತೇನೆ: ಜೀವಂತ ಕೋಶದೊಳಗೆ ಈ ಕಾಳು ಗಟ್ಟಿ ಪ್ಲಾಸ್ಟಿಕ್ ಅಲ್ಲ, ಮೆತ್ತಗೆ, ಅರೆದ್ರವದಂತೆ ಇರುತ್ತದೆ. ಹೊರತೆಗೆದ ಮೇಲೆ ಸರಪಳಿಗಳು ಒತ್ತೊತ್ತಾಗಿ ಜೋಡಿಸಿಕೊಂಡು ಹರಳುಗಟ್ಟುತ್ತವೆ.

ಬ್ರೇಕ್ ಎಲ್ಲಿದೆ?

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಭಾಗ. ಬ್ಯಾಕ್ಟೀರಿಯಾಕ್ಕೆ ಮೆದುಳಿಲ್ಲ. ಸಾರಜನಕ ಮುಗಿಯಿತು, ಇನ್ನು ಕಣಜ ತುಂಬಿಸು ಎಂದು ಹೇಳುವವರು ಯಾರು?

ಹೊರೆಯಾಳುಗಳೇ ಹೇಳುವುದು. ಬೆಳವಣಿಗೆ ಜೋರಿರುವಾಗ ಎರಡು ಇಂಗಾಲದ ಹೊರೆಗಳೆಲ್ಲ ಶಕ್ತಿ ಉತ್ಪಾದನೆಯ ಚಕ್ರಕ್ಕೆ ಹೋಗಿ ಇಳಿಯುತ್ತವೆ. ಖಾಲಿ ಹೊರೆಯಾಳುಗಳು ಬೇಕಾದಷ್ಟು ಓಡಾಡುತ್ತಿರುತ್ತಾರೆ. ಮೊದಲನೇ ಕಿಣ್ವಕ್ಕೆ ಈ ಖಾಲಿ ಆಳುಗಳೇ ಅಡ್ಡಿ. ಅವರು ಅದರ ಬಾಗಿಲಲ್ಲಿ ನಿಂತರೆ ಅದರ ಕೆಲಸ ಸಾಗದು. ಸಾರಜನಕ ಮುಗಿದಾಗ ಏನಾಗುತ್ತದೆ? ಪ್ರೊಟೀನು ತಯಾರಿ ನಿಲ್ಲುತ್ತದೆ, ಶಕ್ತಿಯ ಚಕ್ರ ನಿಧಾನಿಸುತ್ತದೆ, ಹೊರೆ ಇಳಿಸಲು ಜಾಗವಿಲ್ಲದೆ ಎಲ್ಲ ಹೊರೆಯಾಳುಗಳೂ ತಲೆಯಲ್ಲಿ ಹೊರೆ ಇಟ್ಟುಕೊಂಡೇ ನಿಲ್ಲುತ್ತಾರೆ. ಖಾಲಿ ಆಳು ಒಬ್ಬನೂ ಇಲ್ಲ. ಬಾಗಿಲು ತೆರೆಯಿತು, ಕಣಜ ತುಂಬತೊಡಗಿತು. ಖರ್ಚಾಗದೆ ಉಳಿದ ಹೈಡ್ರೋಜನನ್ನು ಎರಡನೇ ಕಿಣ್ವ ಬಳಸಿ ಮುಗಿಸುತ್ತದೆ. ಒಂದೇ ಏಟಿಗೆ ಎರಡು ಕೆಲಸ.

ಕಾರ್ಖಾನೆಯವರು ಇದೇ ಸೂಕ್ಷ್ಮವನ್ನು ಹಿಡಿದುಕೊಂಡಿದ್ದಾರೆ. ದೊಡ್ಡ ಹಂಡೆಯಲ್ಲಿ ಮೊದಲು ಎಲ್ಲ ಪೋಷಕಾಂಶ ಕೊಟ್ಟು ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಆಮೇಲೆ ಸಾರಜನಕವೋ ರಂಜಕವೋ ಒಂದನ್ನು ನಿಲ್ಲಿಸಿ ಸಕ್ಕರೆ ಮಾತ್ರ ಕೊಡುತ್ತ ಹೋಗುತ್ತಾರೆ.

ಹಂಡೆಯಿಂದ ಪೇಟೆಗೆ

ಬರೇ ಪಿಎಚ್‌ಬಿಗೆ ಒಂದು ದೊಡ್ಡ ದೋಷ ಇದೆ. ಹರಳುಗಟ್ಟಿ ಹಪ್ಪಳದ ಹಾಗೆ ಒಡೆಯುತ್ತದೆ. ಮೇಲಾಗಿ ಅದು ಕರಗುವುದು 175 ಡಿಗ್ರಿಯ ಆಚೀಚೆ. ಅದಕ್ಕಿಂತ ಸ್ವಲ್ಪವೇ ಹೆಚ್ಚು ಬಿಸಿಯಾದರೂ ಸರಪಳಿಗಳು ತುಂಡಾಗತೊಡಗುತ್ತವೆ. ಇಂಗ್ಲೆಂಡಿನ ಐಸಿಐ ಕಂಪೆನಿ ಬ್ಯಾಕ್ಟೀರಿಯಾಕ್ಕೆ ಸಕ್ಕರೆಯ ಜತೆ ಪ್ರೊಪಿಯೋನಿಕ್ ಆಮ್ಲವನ್ನೂ ತಿನ್ನಿಸಿತು. ಆಗ ನಡುನಡುವೆ ಐದು ಇಂಗಾಲದ ಕೊಂಡಿಗಳು ಸೇರಿ ಸರಕು ಬಾಗುವ ಗುಣ ಪಡೆಯಿತು. ಬಯೋಪಾಲ್ ಎಂದು ಅದರ ಹೆಸರು. 1990ರಲ್ಲಿ ಜರ್ಮನಿಯಲ್ಲಿ ಅದರ ಶಾಂಪೂ ಬಾಟಲಿ ಮಾರುಕಟ್ಟೆಗೆ ಬಂತು. ಮುಂದೆ ಈ ವ್ಯವಹಾರ ಕೈಯಿಂದ ಕೈಗೆ ಹೋಗಿ 1996ರಲ್ಲಿ ಮಾನ್ಸಾಂಟೊ ಪಾಲಾಯಿತು, ಅವರೂ ಮುಂದುವರಿಸಲಿಲ್ಲ. ಅಮೆರಿಕದ ಅಯೋವಾದಲ್ಲಿ ಜೋಳದ ಸಕ್ಕರೆಯಿಂದ ವರ್ಷಕ್ಕೆ 50,000 ಟನ್ ತಯಾರಿಸುವ ಲೆಕ್ಕಾಚಾರದಲ್ಲಿ ಕಟ್ಟಿದ ದೊಡ್ಡ ಕಾರ್ಖಾನೆಯಿಂದ 2012ರಲ್ಲಿ ಪಾಲುದಾರ ಕಂಪೆನಿ ಹಿಂದೆ ಸರಿಯಿತು. ಗಿರಾಕಿ ಬಂದದ್ದು ಸಾಲಲಿಲ್ಲ.

ಜಪಾನಿನ ಕನೇಕಾ ಕಂಪೆನಿಯವರ ದಾರಿ ಬೇರೆ. ಅವರು ಕೈ ಹಾಕಿದ್ದು ಮೂರನೇ ಮೇಸ್ತ್ರಿಗೇ. ಆರು ಇಂಗಾಲದ ಕೊಂಡಿಯನ್ನೂ ಒಪ್ಪಿಕೊಳ್ಳುವ ಸಿಂಥೇಸ್ ಮಣ್ಣಿನ ಇನ್ನೊಂದು ಬ್ಯಾಕ್ಟೀರಿಯಾದಲ್ಲಿ ಸಿಕ್ಕಿತು. ಅದರ ಜೀನನ್ನು ಕುಪ್ರಿಯಾವಿಡಸ್‌ಗೆ ಸೇರಿಸಿ, ಸಕ್ಕರೆಯ ಬದಲು ಸಸ್ಯದ ಎಣ್ಣೆ ತಿನ್ನಿಸಿದರು. ಮೆತ್ತಗಿನ ಪ್ಲಾಸ್ಟಿಕ್ ಬಂತು. 2019ರ ಕೊನೆಗೆ ವರ್ಷಕ್ಕೆ 5,000 ಟನ್ನಿನ ಘಟಕ ಮುಗಿಸಿದ್ದಾರೆ. ಸ್ಟ್ರಾ, ಚಮಚ ಇತ್ಯಾದಿ ಆಗುತ್ತದೆ.

ಹಂಡೆಯೇ ಬೇಡ, ಗಿಡದಲ್ಲೇ ಬೆಳೆಯೋಣ ಎಂದೂ ನೋಡಿದರು. 1992ರಲ್ಲಿ ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡಕ್ಕೆ ಮೂರರಲ್ಲಿ ಎರಡು ಕಿಣ್ವಗಳ ಜೀನು ಹಾಕಿದರು. ಮೊದಲನೆಯದು ಗಿಡದಲ್ಲೇ ಇತ್ತು. ಎಲೆಯಲ್ಲಿ ಪಿಎಚ್‌ಬಿ ಕಾಳು ಬಂದದ್ದು ನಿಜ, ಆದರೆ ಗಿಡ ಗಿಡ್ಡವಾಯಿತು. ತನ್ನ ಮೈಗೆ ಬೇಕಾದ ಇಂಗಾಲವೇ ಬೇರೆ ಕಡೆಗೆ ಹರಿದರೆ ಇನ್ನೇನಾಗಬೇಕು? 1994ರಲ್ಲಿ ಕಿಣ್ವಗಳನ್ನು ಪತ್ರಹರಿತ್ತಿನ ಚೀಲಕ್ಕೆ ಕಳಿಸಿದ ಮೇಲೆ ಎಲೆಯ ಒಣತೂಕದ 14 ಶೇಕಡದವರೆಗೂ ಸಿಕ್ಕಿತು. ಹೊಲಕ್ಕೆ ಇಳಿಯುವ ಬೆಳೆಯಾಗಿ ಮಾತ್ರ ಅದು ಬೆಳೆಯಲಿಲ್ಲ.

ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐಯಲ್ಲೂ ಬ್ಯಾಸಿಲಸ್ ಮತ್ತು ರೈಝೋಬಿಯಂ ಬಳಸಿ ಈ ಸರಕು ತೆಗೆಯುವ ಸಂಶೋಧನೆ ನಡೆದಿದೆ.

ಮಣ್ಣಿಗೆ ಯಾಕೆ ರುಚಿಸುತ್ತದೆ?

ಪಾಲಿಥೀನ್ ಮಣ್ಣಿಗೆ ಬಂದು ನೂರು ವರ್ಷವೂ ಆಗಿಲ್ಲ. ಅದರ ಇಂಗಾಲದ ಸರಪಳಿಯನ್ನು ಕತ್ತರಿಸುವ ಅಭ್ಯಾಸ ಮಣ್ಣಿನ ಜೀವಿಗಳಿಗೆ ಇಲ್ಲವೆನ್ನುವಷ್ಟು ಕಡಿಮೆ. ಪಿಎಚ್‌ಬಿ ಹಾಗಲ್ಲ. ಕಾಲಾಂತರದಿಂದ ಬ್ಯಾಕ್ಟೀರಿಯಾಗಳು ಸಾಯುತ್ತ ಬಂದಿವೆ, ಸತ್ತಾಗಲೆಲ್ಲ ಕಣಜ ಒಡೆದು ಕಾಳು ಮಣ್ಣಿಗೆ ಚೆಲ್ಲಿದೆ. ಅದನ್ನು ತಿನ್ನಲು ಕಲಿತ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಎಲ್ಲ ಕಡೆ ಇವೆ. ಅವು ಡಿಪಾಲಿಮರೇಸ್ ಎಂಬ ಕಿಣ್ವವನ್ನು ಮೈಯಿಂದ ಹೊರಗೆ ಸುರಿಸುತ್ತವೆ. ಅದು ಎಸ್ಟರಿನ ಕೈಗಳನ್ನು ನೀರಿನಿಂದ ಬಿಡಿಸುತ್ತದೆ. ಸರಪಳಿಯೆಲ್ಲ ಒಂದೇ ಕೈಯ ಕೊಂಡಿಗಳದ್ದಾದ್ದರಿಂದ ಈ ಕಿಣ್ವಕ್ಕೆ ಸಲೀಸು. ಬೇರೆ ಕೈಯದ್ದಾಗಿದ್ದರೆ ಅದು ಹಿಡಿಯುವುದೇ ಇಲ್ಲ. ಬಿಡಿಸಿದ ಕೊಂಡಿಯನ್ನು ಒಳಗೆ ಎಳೆದುಕೊಂಡು ಉಂಡರೆ ಕೊನೆಗೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರು, ಮತ್ತೆ ತಿಂದವರ ಮೈ. ಗಾಳಿಯಿಲ್ಲದ ಕಡೆ, ಉದಾಹರಣೆಗೆ ಗೋಬರ್ ಗ್ಯಾಸ್ ಗುಂಡಿಯಲ್ಲಿ, ಮೀಥೇನೂ ಬರುತ್ತದೆ.

ಈ ಕೊಂಡಿ ನಮಗೇನೂ ಅಪರಿಚಿತ ಅಲ್ಲ. ಹೆಚ್ಚು ಹಾಲಿನ ದನ ಕರು ಹಾಕಿದ ಮೇಲೆ ಮೇವು ಬಿಟ್ಟು, ಹಾಲು ಇಳಿಸಿ, ಉಸಿರಲ್ಲಿ ಒಂಥರಾ ಸಿಹಿ ವಾಸನೆ ಬಂದರೆ ಡಾಕ್ಟರು ಕೀಟೋಸಿಸ್ ಎನ್ನುತ್ತಾರಲ್ಲ? ಆಗ ರಕ್ತದಲ್ಲಿ ಏರುವುದು ಇದೇ ಹೈಡ್ರಾಕ್ಸಿಬ್ಯುಟಿರೇಟ್. ಸ್ವಲ್ಪ ಪ್ರಮಾಣದಲ್ಲಿ ನಮ್ಮ ನಿಮ್ಮ ರಕ್ತದಲ್ಲೂ ಇದೆ.

ಹಾಗೆಂದು ಇಂದು ಹಾಕಿದ ಹಾಳೆ ನಾಳೆ ಮಾಯವಾಗುವುದಿಲ್ಲ. ದಪ್ಪ, ತೇವ, ಬಿಸಿ, ಮಣ್ಣಿನ ಜೀವ ಇವನ್ನು ಹೊಂದಿಕೊಂಡು ಕೆಲವು ತಿಂಗಳಿಂದ ಒಂದೆರಡು ವರ್ಷವೂ ಆದೀತು. ಇನ್ನೊಂದು ಸಂಗತಿ: ಇದರಲ್ಲಿ ಸಾರಜನಕ ಸೊನ್ನೆ. ತಿನ್ನುವವರು ಅದನ್ನು ಮಣ್ಣಿನಿಂದಲೇ ಎಳೆಯುತ್ತಾರೆ. ಹಸಿ ಮರದಪುಡಿ ಹಾಕಿದಾಗ ಗಿಡ ಹಳದಿಯಾಗುವುದಿಲ್ಲವೇ, ಅದೇ ಗುಣ. ತೆಳು ಹಾಳೆಗೆ ಇದು ದೊಡ್ಡ ಸಂಗತಿಯಲ್ಲ.

ಕಬ್ಬಿನ ಲೆಕ್ಕ

ಇಷ್ಟು ಒಳ್ಳೆಯದಾದರೆ ಎಲ್ಲರ ತೋಟದಲ್ಲಿ ಯಾಕಿಲ್ಲ? ಪೆನ್ಸಿಲ್ ತೆಗೆದುಕೊಳ್ಳಿ.

ಆರು ಇಂಗಾಲದ ಸಕ್ಕರೆಯಿಂದ ನಾಲ್ಕು ಇಂಗಾಲದ ಕೊಂಡಿ ಬರುವಾಗ ಎರಡು ಇಂಗಾಲ ಗಾಳಿಗೆ ಹೋಗುತ್ತದೆ. ತೂಕದಲ್ಲಿ 180 ಗ್ರಾಂ ಸಕ್ಕರೆಗೆ ಹೆಚ್ಚೆಂದರೆ 86 ಗ್ರಾಂ ಪಿಎಚ್‌ಬಿ. ಅಂದರೆ ಎಷ್ಟೇ ಜಾಣನಾದರೂ ಒಂದು ಕಿಲೋಗೆ ಎರಡು ಕಿಲೋಗಿಂತ ಕಡಿಮೆ ಸಕ್ಕರೆಯಲ್ಲಿ ಆಗದು. ಬ್ಯಾಕ್ಟೀರಿಯಾ ತಾನೂ ಬದುಕಬೇಕು, ಬೆಳೆಯಬೇಕು. ಅದನ್ನೂ ಸೇರಿಸಿದರೆ ನಿಜವಾಗಿ ಬೇಕಾಗುವುದು ಸುಮಾರು ಮೂರು ಕಿಲೋ. ಬ್ರೆಜಿಲಿನ ಸಾವೊ ಪಾಲೊ ರಾಜ್ಯದ ಸಕ್ಕರೆ ಕಾರ್ಖಾನೆಯೊಂದಕ್ಕೆ 1990ರ ದಶಕದಲ್ಲಿ ಅಂಟಿಸಿದ ಪಿಎಚ್‌ಬಿ ಘಟಕದಲ್ಲೂ ಇದೇ ಮೂರು ಕಿಲೋ ಲೆಕ್ಕ ಬಂದಿತ್ತು. ಅವರಿಗೆ ಸಕ್ಕರೆ ಪಕ್ಕದಲ್ಲೇ, ಕಬ್ಬಿನ ಸಿಪ್ಪೆ ಉರಿಸಿದ ಹಬೆಯೂ ಕರೆಂಟೂ ಪಕ್ಕದಲ್ಲೇ. ಪಿಎಚ್‌ಬಿಯನ್ನು ಕೋಶದಿಂದ ತೆಗೆಯಲು ಬೇಕಾದ ದ್ರಾವಕವೂ ಮದ್ಯಸಾರ ತಯಾರಿಯ ಉಪಉತ್ಪನ್ನ. ಇದಕ್ಕಿಂತ ಅನುಕೂಲದ ಜಾಗ ಇರಲಾರದು.

ನಮ್ಮ ಲೆಕ್ಕಕ್ಕೆ ಬನ್ನಿ. ಸಕ್ಕರೆಗೆ ಕಿಲೋಗೆ 40 ರೂಪಾಯಿ ಹಿಡಿದರೆ ಒಂದು ಕಿಲೋ ಪಿಎಚ್‌ಬಿಗೆ ಸಕ್ಕರೆಯೇ 120 ರೂಪಾಯಿ. ಹಂಡೆ, ಗಾಳಿ ಊದುವ ಕರೆಂಟು, ಹೊರತೆಗೆಯುವ ಖರ್ಚು ಬೇರೆ. ಪಾಲಿಥೀನ್ ಹರಳು ಆ ಸಕ್ಕರೆಯ ದುಡ್ಡಿನ ಆಸುಪಾಸಿನಲ್ಲೇ ಸಿದ್ಧವಾಗಿ ಸಿಗುತ್ತದೆ.

ಒಂದು ಎಕ್ರೆಗೆ ಪೂರ್ತಿ ಹೊದಿಸಲು 25 ಮೈಕ್ರಾನಿನ ಹಾಳೆ ಮಾಡಿದೆವು ಎಂದುಕೊಳ್ಳಿ. ಚದರ ಮೀಟರಿಗೆ ಸುಮಾರು 31 ಗ್ರಾಂ, ಎಕ್ರೆಗೆ 125 ಕಿಲೋ. ಸಕ್ಕರೆ 375 ಕಿಲೋ. ಹತ್ತು ಶೇಕಡ ಇಳುವರಿಯಲ್ಲಿ ಕಬ್ಬು ಕಾಲು ಕಡಿಮೆ ನಾಲ್ಕು ಟನ್... ನೇರವಾಗಿ ಹೇಳುವುದಾದರೆ 3,750 ಕಿಲೋ. ಎಕ್ರೆಗೆ 40 ಟನ್ ಕಬ್ಬು ಬೆಳೆಯುವವರ ಗದ್ದೆಯಲ್ಲಿ ಹೆಚ್ಚುಕಡಿಮೆ 4 ಗುಂಟೆ. ಒಂದು ಎಕ್ರೆಯ ಕಳೆ ತಡೆಯಲು 4 ಗುಂಟೆ ಕಬ್ಬು, ಅದಕ್ಕೆ ಒಂದು ವರ್ಷದ ನೀರು! ಕಲ್ಲಂಗಡಿ, ಮೆಣಸಿನಕಾಯಿ ಬೆಳೆಯುವವರು ಪ್ರತಿ ಬೆಳೆಗೂ ಪಾಲಿಥೀನ್ ಹಾಳೆ ಹಾಸಿ, ಕೊನೆಗೆ ಚಿಂದಿಯನ್ನು ಹೆಕ್ಕಲಾರದೆ ಉಳುಮೆ ಮಾಡುವುದನ್ನು ನೋಡಿದರೆ ಆ ಬೆಲೆ ಕೊಟ್ಟರೂ ಅಡ್ಡಿಯಿಲ್ಲ ಎನಿಸುತ್ತದೆ. ಆದರೆ ಅಡಿಕೆ ತೋಟಕ್ಕೆ? ಸೋಗೆ, ಸೊಪ್ಪು, ತರಗೆಲೆ ಧರ್ಮಕ್ಕೆ ಬಿದ್ದಿರುವಾಗ ಇದು ಬೇಡ ಎಂಬುದೇ ನನ್ನ ಮತ. ಊಟದ ತಟ್ಟೆಗೂ ನಮ್ಮ ಹಾಳೆ ಉಂಟು.

ತೊಟ್ಟೆ ಮಾರುವವರನ್ನು ಕೇಳಬೇಕಾದ್ದು

ಕಳೆದ ಮಳೆಗಾಲಕ್ಕೆ ಮೊದಲು ಒಬ್ಬರು 'ಮಣ್ಣಲ್ಲಿ ಕರಗುವ' ನರ್ಸರಿ ತೊಟ್ಟೆಯ ಮಾದರಿ ಹಿಡಿದು ಬಂದಿದ್ದರು. ಯಾವುದರಿಂದ ಮಾಡಿದ್ದು ಎಂದು ಕೇಳಿದೆ. "ಬಯೋ ಸಾರ್, ಫುಲ್ ಬಯೋ" ಅಂದರು. ಅಷ್ಟೇ ಉತ್ತರ.

ಪೇಟೆಯಲ್ಲಿ ಈ ಹೆಸರಲ್ಲಿ ಸಿಗುವುದರಲ್ಲಿ ಪಿಎಚ್‌ಎ ತೀರ ಅಪರೂಪ. ಹೆಚ್ಚಿನ 'ಕಾಂಪೋಸ್ಟೆಬಲ್' ಚೀಲಗಳು ಪೆಟ್ರೋಲಿಯಂ ಮೂಲದ ಪಿಬಿಎಟಿ ಎಂಬ ಪಾಲಿಯೆಸ್ಟರಿಗೆ ಪಿಷ್ಟವನ್ನೋ ಪಿಎಲ್‌ಎಯನ್ನೋ ಬೆರೆಸಿದಂಥವು. ಪಿಎಲ್‌ಎಯಲ್ಲಿ ಬ್ಯಾಕ್ಟೀರಿಯಾದ ಕೆಲಸ ಲ್ಯಾಕ್ಟಿಕ್ ಆಮ್ಲ ಮಾಡುವುದಕ್ಕೆ ಮುಗಿಯಿತು. ಪೋಣಿಸುವುದು ಕಾರ್ಖಾನೆಯಲ್ಲಿ, ತವರದ ಸಂಯುಕ್ತ ಬಳಸಿ. ಇವು ಮೋಸದ ಸರಕು ಅಲ್ಲ. ಆದರೆ ಇವನ್ನು ಪರೀಕ್ಷಿಸುವುದು ಸುಮಾರು 58 ಡಿಗ್ರಿ ಬಿಸಿ ಕಾಪಾಡಿದ ಕಾಂಪೋಸ್ಟಿನಲ್ಲಿ. ಐಎಸ್ 17088 ಎಂಬ ಗುರುತು ಇರುವುದು ಅದಕ್ಕೆ. ನಮ್ಮ ಪಾತಿಯ ತಂಪು ಮಣ್ಣಿನಲ್ಲಿ ಅಷ್ಟೇ ಬೇಗ ಹೋಗುತ್ತದೆ ಎಂಬ ಖಾತ್ರಿ ಆ ಗುರುತಿನಲ್ಲಿಲ್ಲ. ಪಿಎಲ್‌ಎಯಂತೂ ತಂಪಿನಲ್ಲಿ ಬಹಳ ನಿಧಾನ.

ನಿಜವಾದ ಬುರುಡೆ ಎಂದರೆ 'ಆಕ್ಸೋ' ಜಾತಿಯದ್ದು. ಸಾದಾ ಪಾಲಿಥೀನಿಗೆ ಲೋಹದ ಲವಣ ಬೆರೆಸಿ ಬಿಸಿಲಿಗೆ ಬೇಗ ಪುಡಿಯಾಗುವಂತೆ ಮಾಡಿದ್ದು. ಕಣ್ಣಿಗೆ ಕಾಣುವುದಿಲ್ಲ, ಮಣ್ಣಿನಲ್ಲಿ ಪುಡಿಯಾಗಿ ಇರುತ್ತದೆ. ಯುರೋಪಿನ ಒಕ್ಕೂಟ 2019ರಲ್ಲಿ ಕಾನೂನು ಮಾಡಿ 2021ರಿಂದ ಇದನ್ನು ನಿಷೇಧಿಸಿದೆ. ನಮ್ಮಲ್ಲೂ 2024ರ ಮಾರ್ಚಿನ ನಿಯಮ ತಿದ್ದುಪಡಿಯಲ್ಲಿ ಜೈವಿಕವಾಗಿ ಕರಗುವ ಪ್ಲಾಸ್ಟಿಕ್ ಎನ್ನಬೇಕಾದರೆ ಸೂಕ್ಷ್ಮ ಚೂರುಗಳನ್ನು ಉಳಿಸಬಾರದು ಎಂದು ಸೇರಿಸಿದ್ದಾರೆ.

ಮನೆಯಲ್ಲೇ ಎರಡು ಪರೀಕ್ಷೆ ಮಾಡಬಹುದು. ತೊಟ್ಟೆಯಿಂದ ಬೆರಳಗಲದ ತುಂಡು ಕತ್ತರಿಸಿ, ಸೋಪಿನ ನೀರಲ್ಲಿ ಉಜ್ಜಿ ಗುಳ್ಳೆ ಬಿಡಿಸಿ, ಬಾಲ್ದಿ ನೀರಿನಲ್ಲಿ ಮುಳುಗಿಸಿ ಬಿಡಿ. ಪಿಎಚ್‌ಬಿ, ಪಿಎಲ್‌ಎ, ಪಿಬಿಎಟಿ ಮೂರೂ ನೀರಿಗಿಂತ ಭಾರ, ತಳಕ್ಕಿಳಿಯುತ್ತವೆ. ಪಾಲಿಥೀನ್ ತೇಲುತ್ತದೆ. ತೇಲಿ ಬಂದರೆ ಮಾರುವವರು ಏನೇ ಹೇಳಲಿ, ಅದರಲ್ಲಿ ಹೆಚ್ಚಿನ ಪಾಲು ಹಳೇ ಸರಕೇ. ಮುಳುಗಿದ ಮಾತ್ರಕ್ಕೆ ಒಳ್ಳೆಯದು ಎಂದಲ್ಲ; ಪಿವಿಸಿಯೂ ಮುಳುಗುತ್ತದೆ, ಸುಣ್ಣದ ಪುಡಿ ಹೆಚ್ಚು ಬೆರೆಸಿದ ಪಾಲಿಥೀನೂ ಮುಳುಗೀತು.

ಮುಳುಗಿದ್ದಕ್ಕೆ ಎರಡನೇ ಪರೀಕ್ಷೆ. ಐದಾರು ತುಂಡು ತೂಗಿ, ಸೊಳ್ಳೆಪರದೆಯಂಥ ನೈಲಾನ್ ಬಲೆಯ ಚೀಲದಲ್ಲಿ ಹಾಕಿ, ಅರ್ಧ ಅಡಿ ಆಳದಲ್ಲಿ, ಬೇಸಗೆಯಲ್ಲೂ ತೇವ ಇರುವ ಪಾತಿಯಲ್ಲಿ ಹೂಳಿ. ಪಕ್ಕದಲ್ಲಿ ಇನ್ನೊಂದು ಚೀಲದಲ್ಲಿ ಅಷ್ಟೇ ದೊಡ್ಡ ಬಾಳೆಲೆ ತುಂಡು ಮತ್ತು ಸಾದಾ ತೊಟ್ಟೆಯ ತುಂಡು. ಜಾಗಕ್ಕೆ ಗೂಟ ಹೊಡೆಯಿರಿ, ಇಲ್ಲದಿದ್ದರೆ ಮಳೆಗಾಲ ಕಳೆದ ಮೇಲೆ ಹುಡುಕಿ ಸಿಗದು. ಮೂರು ತಿಂಗಳಿಗೊಮ್ಮೆ ಒಂದೊಂದು ತುಂಡು ತೆಗೆದು ತೊಳೆದು ಒಣಗಿಸಿ ತೂಗಿ. ಬಾಳೆಲೆ ಹೋಗಿರುತ್ತದೆ, ಸಾದಾ ತೊಟ್ಟೆ ಹಾಗೇ ಇರುತ್ತದೆ. ಮೂರನೆಯದು ಇವೆರಡರಲ್ಲಿ ಯಾರ ಕಡೆಗೆ ವಾಲುತ್ತದೆ ಎಂದು ನೋಡಿ. ಅಂಚು ಸವೆದು, ಮೈಯಲ್ಲಿ ತೂತು ಬಿದ್ದು, ತೂಕ ಇಳಿದಿದ್ದರೆ ತಿನ್ನುವವರು ಬಂದಿದ್ದಾರೆ ಎಂದು ಲೆಕ್ಕ. ಬರೇ ಹರಿದು ಚೂರಾಗಿದ್ದು, ಚೂರುಗಳ ಒಟ್ಟು ತೂಕ ಮೊದಲಿನಷ್ಟೇ ಇದ್ದರೆ ಯಾರೂ ಬಾಯಿ ಹಾಕಿಲ್ಲ.